ಚೀಟಿಯಲ್ಲಿ ಇಲ್ಲದ ಬಳಕೆದಾರ

ಕಳೆದ ವಿಷುವಿಗೆ ಬೆಂಗಳೂರಿನಿಂದ ಊರಿಗೆ ಬಂದಿದ್ದ ನಮ್ಮ ನೆಂಟರ ಹುಡುಗನೊಬ್ಬ ಚಾವಡಿಯಲ್ಲಿ ಕುಳಿತು ಹಬ್ಬದ ದಿನವೂ ಕಂಪ್ಯೂಟರನ್ನು ಮಡಿಲಲ್ಲಿಟ್ಟುಕೊಂಡಿದ್ದ. ಅದರ ಪರದೆಯ ತುಂಬ ಹಳದಿ ಬಣ್ಣದ ಸಣ್ಣ ಸಣ್ಣ ಚೀಟಿಗಳ ಸಾಲು. ಇದೇನಪ್ಪಾ ಎಂದು ಕೇಳಿದ್ದಕ್ಕೆ, "ಇವು ಬಳಕೆದಾರರ ಕಥೆಗಳು. ಯೂಸರ್ ಸ್ಟೋರಿ ಅನ್ನುತ್ತೇವೆ. ಇದನ್ನು ನೋಡಿಯೇ ನಾವು ಸಾಫ್ಟ್‌ವೇರ್ ಕಟ್ಟುವುದು" ಎಂದ. ಕಥೆಯೆಂದ ಮೇಲೆ ಕೇಳದೆ ಬಿಡುವುದುಂಟೇ? ಒಂದನ್ನು ಓದು ಎಂದೆ. ಆತ ಕನ್ನಡಕ್ಕೆ ತಿರುಗಿಸಿ ಓದಿದ್ದು ಹೀಗೆ: "ಒಬ್ಬ ಬಳಕೆದಾರನಾಗಿ ನನಗೆ ಅರ್ಜಿ ಸಲ್ಲಿಸುವ ಸೌಕರ್ಯ ಬೇಕು, ಅದರಿಂದ ನಾನು ಅರ್ಜಿಯನ್ನು ಸಲ್ಲಿಸಬಹುದು."

ಮಳೆ ಯಾಕೆ ಬರುತ್ತದೆಂದರೆ ಮಳೆಗಾಲವಾದ್ದರಿಂದ ಎಂಬಂತಿತ್ತು ಅದು. ನಾನು ನಕ್ಕೆ, ಅವನೂ ನಕ್ಕ. ಆದರೆ ಇಂತಹದೇ ಚೀಟಿಗಳಿಂದ ಹುಟ್ಟಿದ ಯಂತ್ರವ್ಯವಸ್ಥೆಯ ಎದುರು ನಾವು ನೀವೆಲ್ಲ ಇಂದು ರೇಷನ್ ಕಾರ್ಡಿಗೂ, ಮಕ್ಕಳ ಸ್ಕಾಲರ್‌ಶಿಪ್ಪಿಗೂ, ಭೂಕಂದಾಯಕ್ಕೂ ನಿಲ್ಲಬೇಕಾಗಿದೆ. ಆದುದರಿಂದ ಈ ಚೀಟಿಯ ಗುಣದೋಷ ಕೇವಲ ಇಂಜಿನಿಯರರ ಮನೆವಾರ್ತೆಯಲ್ಲ. ಅದು ನಮ್ಮ ಅಂಗಳಕ್ಕೂ ಬಂದಿದೆಯೆಂಬುದನ್ನು ಓದುಗರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಹಿನ್ನೆಲೆಯನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಹಿಂದೆಲ್ಲ ದೊಡ್ಡ ಕಂಪ್ಯೂಟರ್ ಕೆಲಸವೆಂದರೆ ಮೊದಲು ನೂರಾರು ಪುಟಗಳ ಕರಾರುಪತ್ರ ಸಿದ್ಧವಾಗಬೇಕು. ಬಳಿಕ ಎರಡು ಮೂರು ವರ್ಷ ಕೆಲಸ. ಕೊನೆಗೆ ಕೈಗೆ ಸಿಕ್ಕಿದ್ದು ಯಾರಿಗೂ ಬೇಡವಾದ ವಸ್ತು. ಇದರಿಂದ ಬೇಸತ್ತು ಅಮೆರಿಕದ ಕ್ರೈಸ್ಲರ್ ಕಾರು ಕಂಪೆನಿಯ ಸಂಬಳ ಬಟವಾಡೆಯ ಕೆಲಸದಲ್ಲಿ ಕೆಂಟ್ ಬೆಕ್ ಮತ್ತು ಸಂಗಡಿಗರು 1996ರ ಸುಮಾರಿಗೆ ಬೇರೊಂದು ದಾರಿ ಹಿಡಿದರು. ಬೇಕಾದುದನ್ನು ಒಂದೊಂದು ಕಾಗದದ ಚೀಟಿಯಲ್ಲಿ, ಬಳಸುವವನ ಮಾತಿನಲ್ಲೇ ಎರಡು ಸಾಲು ಬರೆಯುವುದು. ಮಿಕ್ಕದ್ದನ್ನು ಅವನೊಡನೆ ಕುಳಿತು ಮಾತಾಡಿ ತಿಳಿಯುವುದು. 2001ರ ಫೆಬ್ರವರಿಯಲ್ಲಿ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ಸೇರಿ ಹೊರಡಿಸಿದ ಪ್ರಣಾಳಿಕೆಯಿಂದಾಗಿ ಈ ಬಗೆಯ ಕೆಲಸಕ್ಕೆ 'ಎಜೈಲ್' ಎಂಬ ಹೆಸರು ನಿಂತಿತು. "ಇಂತಹವನಾಗಿ ನನಗೆ ಇಂತಹದು ಬೇಕು, ಇಂತಹ ಕಾರಣಕ್ಕಾಗಿ" ಎಂಬ ಅಚ್ಚು ಅದೇ ಕಾಲಕ್ಕೆ ಲಂಡನ್ನಿನ ಕನೆಕ್ಸ್‌ಟ್ರಾ ಎಂಬ ಕಂಪೆನಿಯಲ್ಲಿ ರೂಪುಗೊಂಡು ಲೋಕವೆಲ್ಲ ಹಬ್ಬಿತು.

ರಾನ್ ಜೆಫ್ರೀಸ್ ಎಂಬವರು 2001ರಲ್ಲಿ ಚೀಟಿಯ ಕುರಿತು ಒಂದು ಮಾತು ಬರೆದರು. ಕಥೆಗೆ ಮೂರು ಅಂಗ: ಚೀಟಿ, ಮಾತುಕತೆ, ಖಾತ್ರಿ. ಚೀಟಿಯೇ ಕಥೆಯಲ್ಲ, ಅದು ಮಾತುಕತೆಗೆ ಇಟ್ಟ ಗುರುತು ಮಾತ್ರ. ಇದು ಪರದೇಶದವರಿಗೆ ಹೊಸ ಸಂಗತಿಯಾಗಿರಬಹುದು, ಪಾರ್ತಿಸುಬ್ಬನ ಊರಿನ ಸುತ್ತಮುತ್ತ ಹುಟ್ಟಿ ಬೆಳೆದ ನಮಗೆ ಏನೂ ಹೊಸತಲ್ಲ. ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯ ನಾಲ್ಕು ಸಾಲು. ಅರ್ಥಧಾರಿ ಅದನ್ನು ಹಿಡಿದು ಅರ್ಧ ತಾಸು ಮಾತಾಡುತ್ತಾನೆ. ಎದುರಿನವ ಪ್ರಶ್ನೆ ಹಾಕುತ್ತಾನೆ, ಇವನು ಉತ್ತರ ಕೊಡುತ್ತಾನೆ, ಪದ್ಯದಲ್ಲಿ ಅಡಗಿದ್ದುದೆಲ್ಲ ಹೊರಗೆ ಬರುತ್ತದೆ. ಪ್ರಸಂಗದ ಪುಸ್ತಕವನ್ನು ಮನೆಯಲ್ಲಿ ಓದಿಕೊಂಡು ಕೂಟ ಮುಗಿಯಿತೆನ್ನುವವನನ್ನು ನಾವು ಏನೆನ್ನುತ್ತೇವೆ? ಇಂದು ಹಲವು ಕಂಪೆನಿಗಳಲ್ಲಿ ಆಗುತ್ತಿರುವುದು ಅದೇ. ಚೀಟಿ ಇದೆ, ಎದುರಿನ ಅರ್ಥಧಾರಿ ಇಲ್ಲ.

ಒಳ್ಳೆಯ ಚೀಟಿಯೆಂದರೆ ಯಾವುದು ಎಂಬ ಬಗ್ಗೆ ಬಲ್ಲವರು ಬಹಳ ಬರೆದಿದ್ದಾರೆ. ಬಿಲ್ ವೇಕ್ ಎಂಬವರು 2003ರಲ್ಲಿ ಆರು ಗುಣಗಳನ್ನು ಹೇಳಿದರು: ಇನ್ನೊಂದಕ್ಕೆ ಅಂಟಿಕೊಂಡಿರಬಾರದು, ಚರ್ಚೆಗೆ ಎಡೆಯಿರಬೇಕು, ಬಳಸುವವನಿಗೆ ಬೆಲೆಯುಳ್ಳದ್ದಾಗಿರಬೇಕು, ಅಂದಾಜಿಗೆ ಸಿಗಬೇಕು, ಚಿಕ್ಕದಾಗಿರಬೇಕು, ಪರೀಕ್ಷಿಸಿ ನೋಡಲು ಬರಬೇಕು. ಹಾಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ವಿದ್ವಾಂಸರು ಹದಿಮೂರು ಲಕ್ಷಣಗಳ ಪಟ್ಟಿಯನ್ನೇ ಮಾಡಿ, ಚೀಟಿಯಲ್ಲಿನ ತಪ್ಪುಗಳನ್ನು ಕಂಪ್ಯೂಟರಿನಿಂದಲೇ ಹೆಕ್ಕಿ ತೆಗೆಯುವ ಉಪಕರಣವನ್ನೂ ರಚಿಸಿದರು. ಒಂದೇ ಚೀಟಿಯಲ್ಲಿ 'ಮತ್ತು' ಎಂದು ಎರಡು ಬೇಡಿಕೆ ತುರುಕಿದರೆ ಅದು ಹಿಡಿಯುತ್ತದೆ. ಒಂದೇ ಚೀಟಿ ಎರಡು ಸಲ ಬಂದರೂ ಹಿಡಿಯುತ್ತದೆ. ಒಳ್ಳೆಯದೇ. ಆದರೆ 'ಬಳಕೆದಾರ' ಎಂಬ ಆ ಮೊದಲ ಶಬ್ದದ ಹಿಂದೆ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ಯಾವ ಉಪಕರಣವೂ ಹೇಳಲಾರದು. ವ್ಯಾಕರಣಶುದ್ಧವಾದ ಚೀಟಿ ಒಬ್ಬ ಮನುಷ್ಯನನ್ನು ಪೂರ್ತಿಯಾಗಿ ಬಿಟ್ಟು ಹೋಗಬಹುದು.

ಇಲ್ಲಿ ಓದುಗರನ್ನು ನಮ್ಮ ಜಿಲ್ಲೆಯಿಂದ ದೂರ, ಇನ್ನೊಂದು ಗಡಿಗೆ ಕರೆದೊಯ್ಯಬೇಕಾಗಿದೆ. ನಮ್ಮಂತೆಯೇ ಗೆರೆಯ ಆಚೆ ಉಳಿದ ಕನ್ನಡಿಗರು ನಾವಷ್ಟೇ ಅಲ್ಲ. ನಾವು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೆ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ, ಬಳ್ಳಾರಿ ಜಿಲ್ಲೆಯಿಂದ ಆಲೂರು, ಆದವಾನಿ, ರಾಯದುರ್ಗ ತಾಲೂಕುಗಳನ್ನು ಬಿಡಿಸಿ ಆ ಕಡೆಗೆ ಕೊಟ್ಟರು. ರಾಯದುರ್ಗ ಅನಂತಪುರ ಜಿಲ್ಲೆಗೆ ಹೋಯಿತು. ಅದೇ ಜಿಲ್ಲೆಯ ದಕ್ಷಿಣದ ತುದಿಯಲ್ಲಿದ್ದ ಮಡಕಶಿರಾ ಕಡೆಯೂ ಕನ್ನಡ ಮಾತಾಡುವ ಹಳ್ಳಿಗಳ ಸೀಮೆ. ಅಗಳಿ, ರೊಳ್ಳ, ಅಮರಾಪುರ ಎಂಬ ಹೆಸರುಗಳನ್ನು ಕೇಳಿದರೇ ಗೊತ್ತಾಗುತ್ತದೆ. ರಾಯದುರ್ಗದ ಬಡಗಣ ಮೂಲೆಯಲ್ಲಿ, ಬಳ್ಳಾರಿಗೆ ತಾಗಿದಂತೆ ಇರುವ ಊರು ಓಬಳಾಪುರ. ಕಬ್ಬಿಣದ ಅದಿರಿನ ಗಣಿಯ ದೆಸೆಯಿಂದ ಈ ಹೆಸರು ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಬಂತು. ಎರಡು ರಾಜ್ಯಗಳ ಗಡಿ ಎಲ್ಲಿ ಹಾದುಹೋಗುತ್ತದೆಂಬ ತಕರಾರು ಸುಪ್ರೀಂ ಕೋರ್ಟಿನ ತನಕ ಹೋದುದನ್ನು ಹಲವರು ಬಲ್ಲರು. ನಾನು ಹೇಳಹೊರಟಿರುವುದು ಗಣಿಯ ವಿಚಾರವನ್ನಲ್ಲ, ಆ ಊರಿನಲ್ಲಿ ಜೋಳ, ಶೇಂಗಾ ಬೆಳೆಯುವವನ ವಿಚಾರವನ್ನು.

ಅಲ್ಲಿ ಓಬಳೇಶನೆಂಬ ರೈತನಿದ್ದಾನೆಂದು ಭಾವಿಸೋಣ. ಆ ಸೀಮೆಯಲ್ಲಿ ಈ ಹೆಸರು ಮನೆಗೊಂದು, ನಮ್ಮಲ್ಲಿ ನಾರಾಯಣನಿದ್ದಂತೆ. ಮನೆಮಾತು ಕನ್ನಡ, ಪೇಟೆ ಬಳ್ಳಾರಿ, ಸರಕಾರ ತೆಲುಗು. ಆಂಧ್ರದಲ್ಲಿ 2015ರಿಂದ 'ಮೀ ಭೂಮಿ' ಎಂಬ ಕಂಪ್ಯೂಟರ್ ವ್ಯವಸ್ಥೆಯ ಮೂಲಕ ಜಮೀನಿನ ಅಡಂಗಲ್, 1-ಬಿ ಎಂಬ ದಾಖಲೆಗಳು ಸಿಗುತ್ತವೆ. ಅವು ತೆಲುಗಿನಲ್ಲಿವೆ. ಅದರಲ್ಲಿ ಇವನು ಓಬುಳೇಸು, ಊರು ಓಬುಳಾಪುರಂ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ತೆಲುಗಿನವರು ಒಂದು ಬಗೆ, ಬಳ್ಳಾರಿಯವರು ಇನ್ನೊಂದು ಬಗೆ. ದೀರ್ಘ ಹ್ರಸ್ವಗಳೂ ಲ-ಳಗಳೂ ಅಲ್ಲಿ ಒಂದೇ ಆಗಿಬಿಡುತ್ತವೆ. ಹೀಗೆ ಒಬ್ಬನೇ ಮನುಷ್ಯ ಕಾಗದದಲ್ಲಿ ಮೂವರಾಗುತ್ತಾನೆ. ಹಿಂದಿನ ಕಾಲದ ಗುಮಾಸ್ತನಾಗಿದ್ದರೆ "ಓಹೋ, ಇವನು ನಮ್ಮ ಓಬಳೇಶನೇ" ಎಂದು ಗುರುತು ಹಿಡಿದು ಮುಂದಕ್ಕೆ ಕಳಿಸುತ್ತಿದ್ದ. ಯಂತ್ರಕ್ಕೆ ಗುರುತಿಲ್ಲ. ಅಕ್ಷರಕ್ಕೆ ಅಕ್ಷರ ಹೊಂದಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈಗ ಚೀಟಿಗೆ ಬರೋಣ. "ಬಳಕೆದಾರನಾಗಿ ನನಗೆ ಜಮೀನಿನ ದಾಖಲೆ ನೋಡುವ ಸೌಕರ್ಯ ಬೇಕು" ಎಂದು ಬರೆದರೆ ಓಬಳೇಶನ ಕಷ್ಟ ಅದರಲ್ಲಿ ಎಲ್ಲಿದೆ? ಅದನ್ನೇ ಹೀಗೆ ಬರೆದು ನೋಡಿ: "ಓಬಳಾಪುರದಲ್ಲಿ ಜಮೀನಿದ್ದು ಕನ್ನಡ ಮಾತ್ರ ಓದಬಲ್ಲ ರೈತನಾಗಿ, ನನ್ನ ಊರು ಹಾಗೂ ಹೆಸರನ್ನು ನಾನು ಬರೆಯುವ ಹಾಗೆ ಬರೆದರೂ ನನ್ನ ದಾಖಲೆ ಸಿಗಬೇಕು, ಬಿತ್ತನೆಯ ಮೊದಲು ಸಾಲದ ಅರ್ಜಿಗೆ ಅದನ್ನು ಲಗತ್ತಿಸಬೇಕಾಗಿದೆ." ಇದರಲ್ಲಿ ಯಾರು, ಏನು, ಯಾಕೆ, ಯಾವಾಗ ಎಂಬ ನಾಲ್ಕೂ ಇದೆ. ಮೇಲಾಗಿ ಪರೀಕ್ಷೆ ಮಾಡಲು ಬರುತ್ತದೆ: ಓಬಳಾಪುರ ಎಂದು ಕನ್ನಡದಲ್ಲಿ ಬರೆದು ನೋಡು, ಓಬುಳಾಪುರಂ ಸಿಕ್ಕಿತೋ ಇಲ್ಲವೋ. ಸಿಕ್ಕಿದರೆ ಕೆಲಸ ಮುಗಿಯಿತು, ಸಿಗದಿದ್ದರೆ ಮುಗಿದಿಲ್ಲ. ಇದರಲ್ಲಿ ವಾದಕ್ಕೆ ಆಸ್ಪದವಿಲ್ಲ.

ಮಡಕಶಿರಾದವರ ಪಾಡು ಇನ್ನೂ ಒಂದು ಹೆಜ್ಜೆ ಮುಂದೆ. 2022ರ ಏಪ್ರಿಲ್ 4ರಂದು ಅವರು ಅನಂತಪುರ ಬಿಟ್ಟು ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದರು. ಜಿಲ್ಲೆಯ ಹೆಸರನ್ನು ಪಟ್ಟಿಯಿಂದ ಆರಿಸು ಎಂದು ಯಂತ್ರ ಕೇಳಿದಾಗ ಯಾವುದನ್ನು ಆರಿಸಬೇಕು, ಹಳೆಯ ಕಾಗದದಲ್ಲಿದ್ದುದನ್ನೋ ಹೊಸತನ್ನೋ? ಇದೂ ಒಂದು ಚೀಟಿಗೆ ಯೋಗ್ಯವಾದ ಕಥೆಯೇ.

ಗೆರೆಯ ಈಚೆಗೆ, ಬಳ್ಳಾರಿಯಲ್ಲಿ ಏನಾಯಿತೆಂಬುದನ್ನೂ ನೋಡಬೇಕು. ಕರ್ನಾಟಕದ 'ಭೂಮಿ' ಯೋಜನೆ ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ 177 ತಾಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಒಂದು ಪ್ರತಿಯಂತೆ ಕೊಡಲಾರಂಭಿಸಿತು. ಅದರ ಹಿಂದೆ ಇಂತಹ ಹಳದಿ ಚೀಟಿಗಳಿದ್ದುವೆಂದು ನಾನು ಹೇಳುತ್ತಿಲ್ಲ. ಆದರೆ ಅದನ್ನು ರೂಪಿಸಿದವರ ಕಣ್ಣೆದುರು ಒಬ್ಬ ನಿಜವಾದ ಮನುಷ್ಯ ಇದ್ದನೆಂಬುದು ಒಂದು ಸಣ್ಣ ವಿವರದಿಂದಲೇ ತಿಳಿಯುತ್ತದೆ. ಗುಮಾಸ್ತನ ಪರದೆಯಲ್ಲದೆ ಇನ್ನೊಂದು ಪರದೆಯನ್ನು ಕಿಟಕಿಯಾಚೆ ನಿಂತ ರೈತನ ಕಡೆಗೆ ತಿರುಗಿಸಿ ಇಟ್ಟಿದ್ದರು. ಒಳಗೆ ಏನು ಬರೆಯುತ್ತಿದ್ದಾರೆಂಬುದನ್ನು ಅವನು ತನ್ನ ಭಾಷೆಯಲ್ಲಿ, ತನ್ನ ಕಣ್ಣಿನಿಂದಲೇ ನೋಡುತ್ತಿದ್ದ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರತಿಯಲ್ಲೇ ವಿಲೇ ಮಾಡಬೇಕೆಂಬ ಕಟ್ಟೂ ಯಂತ್ರದಲ್ಲೇ ಇತ್ತು. ಗ್ರಾಮಲೆಕ್ಕಿಗನ ಮನೆಬಾಗಿಲಿಗೆ ನಾಲ್ಕು ಸಲ ಅಲೆದವನ ಅನುಭವ ಗೊತ್ತಿಲ್ಲದವರಿಗೆ ಇಂತಹದು ಹೊಳೆಯುವುದಿಲ್ಲ. ಆ ಯೋಜನೆಗೂ ಕುಂದುಗಳಿದ್ದುವು. ಹಳೆಯ ಕೈಬರಹದ ತಪ್ಪುಗಳು ಹಾಗೆಯೇ ಯಂತ್ರದೊಳಗೆ ಹೊಕ್ಕವು. ಆದರೂ ಆ ಎರಡನೆಯ ಪರದೆ ನನಗೆ ಮೆಚ್ಚುಗೆಯಾದ ವಸ್ತು. ಓಬಳೇಶನ ಹೊಲದ ಬದುವಿನ ಆಚೆಗಿರುವವನಿಗೆ ಅದು ಸಿಕ್ಕಿತು, ಇವನಿಗೆ ಸಿಗಲಿಲ್ಲ.

ಇನ್ನು ನಮ್ಮ ಸಂಗತಿ. ಕೇರಳ ಈ ವಿಷಯದಲ್ಲಿ ಹಿಂದುಳಿದ ರಾಜ್ಯವೇನಲ್ಲ. ಮನೆಗೊಬ್ಬನಾದರೂ ಕಂಪ್ಯೂಟರ್ ಬಲ್ಲವನಿರಬೇಕೆಂದು 2002ರಲ್ಲೇ ಮಲಪ್ಪುರಂನಲ್ಲಿ ಅಕ್ಷಯ ಕೇಂದ್ರಗಳನ್ನು ಆರಂಭಿಸಿದ ರಾಜ್ಯವಿದು. 1969ರ ಆಡಳಿತ ಭಾಷಾ ಕಾಯಿದೆಯಲ್ಲಿ ಕನ್ನಡ ಹಾಗೂ ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ನಡೆಸುವ ಅವಕಾಶವನ್ನೂ ಇಟ್ಟಿದೆ. ಸಂವಿಧಾನದ 350ನೆಯ ಅನುಚ್ಛೇದವಂತೂ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಕಾಗದದ ಅರ್ಜಿಯ ಕಾಲದಲ್ಲಿ ಈ ಹಕ್ಕನ್ನು ಹಿಡಿದು ಜಗಳವಾಡಲು ಎದುರಿಗೆ ಒಬ್ಬ ಅಧಿಕಾರಿಯಾದರೂ ಇರುತ್ತಿದ್ದ. ಪರದೆಯ ಮೇಲಿನ ಖಾಲಿ ಚೌಕ ಕನ್ನಡ ಅಕ್ಷರವನ್ನು ಒಳಗೆ ಬಿಡದಿದ್ದರೆ ಯಾರೊಡನೆ ಜಗಳವಾಡುವುದು? ಹಕ್ಕನ್ನು ಯಾರೂ ನಿರಾಕರಿಸಲಿಲ್ಲ. ಚೀಟಿ ಬರೆದವನಿಗೆ ಅದು ನೆನಪಾಗಲಿಲ್ಲ, ಅಷ್ಟೆ.

ಕಾಸರಗೋಡಿನ ಕನ್ನಡ ಊರಹೆಸರುಗಳನ್ನು ಬದಲಿಸಲಾಗುತ್ತಿದೆಯೆಂದು 2021ರ ಜೂನಿನಲ್ಲಿ ದೊಡ್ಡ ಗದ್ದಲವಾದುದು ಓದುಗರಿಗೆ ನೆನಪಿರಬಹುದು. ಅಂತಹ ಯಾವ ತೀರ್ಮಾನವೂ ಆಗಿಲ್ಲವೆಂದು ಕೇರಳ ಸರಕಾರ ಸ್ಪಷ್ಟಪಡಿಸಿತು. ಅದು ಸರಿಯೇ ಇರಲಿ. ಆದರೆ ಊರಿನ ಹೆಸರು ಬದಲಾಗಲು ಈಗ ತೀರ್ಮಾನವೇ ಬೇಕಾಗಿಲ್ಲ. ಮಧೂರು ಎಂದು ಒತ್ತಿದರೆ ಏನೂ ಸಿಗದೆ ಇನ್ನೊಂದು ರೂಪವನ್ನು ಒತ್ತಿದರೆ ಮಾತ್ರ ಸಿಗುವ ವ್ಯವಸ್ಥೆಯೊಂದು ಇದ್ದರೆ, ಹತ್ತು ವರ್ಷಗಳಲ್ಲಿ ನಮ್ಮ ಮಕ್ಕಳೇ ಆ ರೂಪವನ್ನು ಬರೆಯತೊಡಗುತ್ತಾರೆ. ಮಂಜೇಶ್ವರವನ್ನು ಮಂಜೇಶ್ವರಂ ಎಂದೂ, ನಾರಾಯಣನನ್ನು ನಾರಾಯಣನ್ ಎಂದೂ. ಸರಕಾರಿ ಆಜ್ಞೆಯಿಂದ ಆಗದ ಕೆಲಸ ಒಂದು ಸೋಮಾರಿ ಚೀಟಿಯಿಂದ ಆಗುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಳ್ಳುವುದು ನ್ಯಾಯ. ನಮ್ಮ ಮನವಿಗಳನ್ನೇ ತೆಗೆದು ನೋಡಿ. "ಕನ್ನಡಿಗರಿಗೆ ಆಗುತ್ತಿರುವ ಅನ್ಯಾಯವನ್ನು ಸರಿಪಡಿಸಿ ಎಲ್ಲ ಕ್ಷೇತ್ರಗಳಲ್ಲಿ ಕನ್ನಡಕ್ಕೆ ಸೂಕ್ತ ಸ್ಥಾನಮಾನ ಒದಗಿಸತಕ್ಕದ್ದು." ನಾನೇ ಇಂತಹ ಎಷ್ಟೋ ಒಕ್ಕಣೆಗಳನ್ನು ಬರೆದವನು. ಬಿಲ್ ವೇಕರ ಆರು ಗುಣಗಳಲ್ಲಿ ಒಂದಾದರೂ ಇದರಲ್ಲಿದೆಯೇ? ಯಾರಿಗೆ ಅನ್ಯಾಯ, ಯಾವ ಕಿಟಕಿಯಲ್ಲಿ, ಎಷ್ಟು ಗಂಟೆಗೆ? ಏನು ಮಾಡಿದರೆ ಅದು ಸರಿಯಾದಂತೆ? ಇಂತಹ ಮನವಿ ಕೈಗೆ ಬಂದ ಅಧಿಕಾರಿ "ಪರಿಶೀಲಿಸಲಾಗುವುದು" ಎಂದು ಬರೆಯುವುದನ್ನು ಬಿಟ್ಟು ಬೇರೇನು ಮಾಡಬಲ್ಲ? ಪೂರ್ತಿಯಾಯಿತೆಂದು ಗುರುತು ಹಾಕಲಾಗದ ಬೇಡಿಕೆಯನ್ನು ಪೂರ್ತಿ ಮಾಡದೆ ಇರುವುದು ಬಹಳ ಸುಲಭ.

ನನ್ನ ಹಿರಿಯ ಸ್ನೇಹಿತರೊಬ್ಬರು ಈ ಮಾತನ್ನು ಒಪ್ಪಲಿಲ್ಲ. "ಹಕ್ಕನ್ನು ತುಂಡು ತುಂಡು ಚೀಟಿ ಮಾಡಿ ಭಿಕ್ಷೆಯಂತೆ ಕೇಳಬೇಕೇ? ಕಾಯಿದೆ ಇದೆ, ಜಾರಿ ಮಾಡಲಿ" ಎಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದನ್ನು ಆ ಬೆಂಗಳೂರಿನ ಹುಡುಗ ಎತ್ತಿದ. ಚೀಟಿಗಳನ್ನು ಬರೆದಾದ ಮೇಲೆ ಅವನ್ನು ಒಂದರ ಮೇಲೊಂದು ಪೇರಿಸುತ್ತಾರಂತೆ. ಹೆಚ್ಚು ಜನರಿಗೆ ಹೆಚ್ಚು ಪ್ರಯೋಜನವಿರುವುದು ಮೇಲೆ, ಕಡಿಮೆಯವರದ್ದು ಕೆಳಗೆ. ಎರಡು ವಾರಕ್ಕೊಮ್ಮೆ ಮೇಲಿನಿಂದ ನಾಲ್ಕಾರು ಚೀಟಿ ತೆಗೆದು ಕೆಲಸ ಮಾಡುತ್ತಾರೆ. ಅಷ್ಟರಲ್ಲಿ ಹೊಸ ಚೀಟಿಗಳು ಮೇಲೆ ಬಂದು ಕುಳಿತಿರುತ್ತವೆ. "ಮಾವ, ನೀವು ಎಷ್ಟೇ ಚೆಂದದ ಚೀಟಿ ಬರೆದರೂ ಮೂರೂವರೆ ಕೋಟಿ ಜನರಿರುವ ರಾಜ್ಯದಲ್ಲಿ ಎರಡು ತಾಲೂಕಿನ ಕನ್ನಡದ ಚೀಟಿ ತಳದಲ್ಲೇ ಇರುತ್ತದೆ" ಎಂದ.

ನಿಜ. ಈ ಪದ್ಧತಿಯ ಮರ್ಮಸ್ಥಾನವೇ ಇದು. ಬೆಲೆಯುಳ್ಳದ್ದಾಗಿರಬೇಕು ಎಂಬ ಗುಣವನ್ನು ತಲೆಯೆಣಿಕೆಯಿಂದ ಅಳೆದರೆ ಅಲ್ಪಸಂಖ್ಯಾತನ ಸರತಿ ಎಂದಿಗೂ ಬಾರದು. ಓಬಳೇಶನದ್ದೂ ಬಾರದು, ನಮ್ಮದೂ ಬಾರದು. ಬೆಂಗಳೂರಿನಲ್ಲಿ ಕಟ್ಟುವ ವ್ಯವಸ್ಥೆಯಲ್ಲಿ ಕೊಡಗಿನ ಕೊಡವನದ್ದೋ ನಮ್ಮದೇ ತುಳುವನದ್ದೋ ಬಾರದು. ಈ ಕೊನೆಯದನ್ನು ನಾವು ಮರೆಯಬಾರದು.

ಆದರೆ ಆ ಹುಡುಗನ ಮಾತಿನಲ್ಲೇ ಒಂದು ಉಪಾಯವೂ ಇತ್ತು. ಪ್ರತಿ ಚೀಟಿಯ ಬೆನ್ನಿನಲ್ಲಿ, ಯಾವಾಗ ಈ ಕೆಲಸ ಮುಗಿಯಿತೆನ್ನಬಹುದು ಎಂಬ ಷರತ್ತುಗಳನ್ನು ಬರೆಯುವ ವಾಡಿಕೆಯಿದೆಯಂತೆ. ಅದಲ್ಲದೆ ಎಲ್ಲ ಚೀಟಿಗಳಿಗೂ ಅನ್ವಯಿಸುವ ಸಾಮಾನ್ಯ ಷರತ್ತುಗಳ ಪಟ್ಟಿಯೊಂದು ಬೇರೆ ಇರುತ್ತದೆ. ಸುರಕ್ಷತೆಯ ಪರೀಕ್ಷೆ ಆಗಿರಬೇಕು, ಸಣ್ಣ ಫೋನಿನಲ್ಲೂ ತೆರೆಯಬೇಕು ಇತ್ಯಾದಿ. ಇವನ್ನು ಯಾರೂ ಪೇರಿಸುವುದಿಲ್ಲ. ಇವು ಸರತಿಗೆ ಕಾಯುವುದಿಲ್ಲ. ಇವು ಆಗದೆ ಯಾವ ಚೀಟಿಯೂ ಮುಗಿಯುವುದಿಲ್ಲ. ಕನ್ನಡದ ಜಾಗ ಅಲ್ಲಿ. "ಕಾಸರಗೋಡಿನಲ್ಲಿ ಬಳಕೆಗೆ ಬರುವ ಯಾವ ನಮೂನೆಯೂ ಕನ್ನಡದಲ್ಲಿ ತುಂಬಿಸಲು ಬಾರದಿದ್ದರೆ ಮುಗಿದಂತಲ್ಲ" ಎಂಬ ಒಂದು ಸಾಲು ಆ ಪಟ್ಟಿಗೆ ಸೇರಿದರೆ ಸಾಕು, ಕಾಯಿದೆಯಲ್ಲಿ ಬರೆದುದು ಯಂತ್ರಕ್ಕೂ ಇಳಿಯುತ್ತದೆ. ಸರಕಾರ ಕಂಪೆನಿಗಳಿಗೆ ಕೆಲಸ ವಹಿಸುವಾಗ ಕರಾರಿನಲ್ಲೇ ಇದನ್ನು ಸೇರಿಸಬೇಕೆಂದು ನಮ್ಮ ಶಾಸಕರೂ ಪಂಚಾಯತು ಸದಸ್ಯರೂ ಒತ್ತಾಯಿಸಬೇಕು. ಇದಕ್ಕೆ ತಾಂತ್ರಿಕ ಅಡ್ಡಿ ಏನೂ ಇಲ್ಲ. ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡ ಅದರಲ್ಲಿತ್ತು, ಮಲಯಾಳ ತೆಲುಗುಗಳ ಜೊತೆಯಲ್ಲೇ. ಕನ್ನಡವನ್ನು ಉಚ್ಚರಿಸಿದ ಹಾಗೆ ಒತ್ತುವ ಕೀಲಿಮಣೆ ರೂಪಿಸಿದ ಕೆ. ಪಿ. ರಾಯರು ನಮ್ಮ ನೆರೆಯ ಕಿನ್ನಿಕಂಬಳದವರು.

ಹಾಗಾದರೆ ಬಿಡಿ ಚೀಟಿಗಳು ಬೇಡವೇ? ಬೇಕು. ಆ ಒಂದು ಸಾಲನ್ನು ಯಾಕೆ ಸೇರಿಸಬೇಕೆಂದು ಕೇಳಿದವರ ಮುಂದೆ ಇಡಲು ಓಬಳೇಶನಂತಹವರ ಹತ್ತು ಕಥೆಗಳು ಕೈಯಲ್ಲಿರಬೇಕು. ಅವನ್ನು ಬರೆಯಬೇಕಾದವರು ಎಲ್ಲೋ ಇಲ್ಲ. ನಮ್ಮ ಮನೆಗಳಿಂದಲೇ ಹೊರಟು ಬೆಂಗಳೂರು, ಮಂಗಳೂರು, ಕೊಚ್ಚಿ, ತಿರುವನಂತಪುರಗಳಲ್ಲಿ ಈ ಚೀಟಿಗಳನ್ನು ದಿನಾ ಬರೆಯುತ್ತಿರುವ ಹುಡುಗ ಹುಡುಗಿಯರು. ವಿಷುವಿನ ಆ ಮಧ್ಯಾಹ್ನ ನಾನು ಹುಡುಗನಿಗೆ, ನಿನ್ನ ಚೀಟಿಯಲ್ಲಿ 'ಬಳಕೆದಾರ' ಎಂಬುದನ್ನು ಅಳಿಸಿ ನಿನ್ನ ಅಮ್ಮನ ಹೆಸರು ಬರೆದು ಓದು ಎಂದೆ. ಓದಿದ. ಅಡಿಗೆಮನೆಯಿಂದ ಅವಳು, "ನನಗೆ ಅರ್ಜಿ ಸಲ್ಲಿಸುವ ಸೌಕರ್ಯ ಯಾಕೆ? ಕಳೆದ ತಿಂಗಳು ಅದರಲ್ಲಿ ಮನೆ ಹೆಸರು ಬರೆಯಲಿಕ್ಕೆ ಬಾರದೆ ಪಕ್ಕದ ಮನೆ ಹುಡುಗಿಯನ್ನು ಕರೆಯಬೇಕಾಯಿತು, ಅದನ್ನು ಸರಿಮಾಡು" ಎಂದಳು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಏನು ಬರೆಯಲಿಕ್ಕೆ ಹೋದದ್ದು, ಯಾವ ಅಕ್ಷರದಲ್ಲಿ ನಿಂತಿತು ಎಂದು ಕೇಳಲು ಎದ್ದು ಒಳಗೆ ಹೋದ.

ಓದುಗರಲ್ಲಿ ಇಂತಹ ಅನುಭವವಿದ್ದವರು ಒಂದು ಕಾರ್ಡಿನಲ್ಲಿ ಬರೆದು ಈ ಪತ್ರಿಕೆಯ ವಿಳಾಸಕ್ಕೆ ಕಳುಹಿಸಬಹುದು. ಹೆಸರು ಬೇಕಾಗಿಲ್ಲ. ಯಾವ ಊರು, ಯಾವ ಅರ್ಜಿ, ಎಲ್ಲಿ ತಡೆಯಿತು, ಅದರಿಂದ ಏನು ತಪ್ಪಿತು ಎಂಬಿಷ್ಟು ನಾಲ್ಕು ಸಾಲಿನಲ್ಲಿರಲಿ. ಒಂದು ಕಾರ್ಡಿಗೆ ಒಂದೇ ಸಂಗತಿ.